ಹಕ್ಕಲಾಯಲು ಬಂದವಳು

ಕೊಯ್ಲು ಮುಗಿದ ಹೊಲದಲ್ಲಿ ಅಲ್ಲಲ್ಲಿ ಉದುರಿ ಉಳಿದ ತೆನೆಗಳಿಗೆ ಕನ್ನಡದಲ್ಲಿ ‘ಹಕ್ಕಲು’ ಎಂಬ ಚೆಲುವಾದ ಹೆಸರೊಂದು ಉಂಟು. ಒಡೆಯನು ಪೈರನ್ನು ಕಣಕ್ಕೆ ಸಾಗಿಸಿದ ಮೇಲೆ, ನೆಲವಿಲ್ಲದ ಬಡವರು ಬಾಗಿ ಬಾಗಿ ಆ ತೆನೆಗಳನ್ನು ಆರಿಸಿಕೊಳ್ಳುವುದೇ ಹಕ್ಕಲಾಯುವುದು. ಪೇಟೆಯಲ್ಲಿ ಬೆಳೆದ ಇಂದಿನ ವಿದ್ಯಾರ್ಥಿಗಳಿಗೆ ಈ ಮಾತು ಅಪರಿಚಿತವಾಗುತ್ತಿದೆ. ಬೈಬಲನ್ನು ಕನ್ನಡಕ್ಕೆ ತಂದವರು ಮಾತ್ರ ಇದನ್ನು ಮರೆಯಲಿಲ್ಲ. ಹಳೆಯ ಒಡಂಬಡಿಕೆಯಲ್ಲಿ ರೂತಳೆಂಬ ಹೆಣ್ಣುಮಗಳ ಕಥೆಯನ್ನು ಹೇಳುವ ಪುಟ್ಟ ಗ್ರಂಥವೊಂದಿದೆ. ಅದನ್ನು ಕನ್ನಡದಲ್ಲಿ ಓದುವವರಿಗೆ ಈ ಪದ ಮತ್ತೆ ಮತ್ತೆ ಎದುರಾಗುತ್ತದೆ. ನಾನು ಮೊದಲು ಆ ಗ್ರಂಥವನ್ನು ತೆರೆದದ್ದು ಇಂಥ ಮಾತುಗಳ ಸೊಗಸಿಗಾಗಿ. ಮತ್ತೆ ಮತ್ತೆ ತೆರೆಯುತ್ತಿರುವುದು ಬೇರೊಂದು ಕಾರಣಕ್ಕಾಗಿ. ಹೊರಗಿನವರನ್ನು ಒಳಗೆ ಕರೆದುಕೊಳ್ಳುವುದನ್ನು ಕುರಿತು ಬೈಬಲು ಆಡುವ ಮಾತು ಒಂದಲ್ಲ, ಎರಡು. ನಾಲ್ಕೇ ಅಧ್ಯಾಯಗಳ ಈ ಕಥೆಯಲ್ಲಿ ಆ ಎರಡು ಮಾತುಗಳೂ ಎದುರುಬದುರಾಗಿ ನಿಲ್ಲುತ್ತವೆ.

ಹಕ್ಕಲಿನ ವಿಷಯದಲ್ಲಿ ಇಸ್ರಾಯೇಲ್ ಜನರಿಗೆ ಸ್ಪಷ್ಟವಾದ ಕಟ್ಟಳೆಯೇ ಇದ್ದಿತು. ಯಾಜಕಕಾಂಡದ 19ನೆಯ ಅಧ್ಯಾಯದಲ್ಲಿಯೂ ಧರ್ಮೋಪದೇಶಕಾಂಡದ 24ನೆಯ ಅಧ್ಯಾಯದಲ್ಲಿಯೂ ಅದನ್ನು ಕಾಣಬಹುದು. ಹೊಲವನ್ನು ಅಂಚಿನವರೆಗೂ ಕೊಯ್ಯಬಾರದು. ಮರೆತು ಬಿಟ್ಟುಬಂದ ಸಿವುಡಿಗಾಗಿ ಹಿಂದಿರುಗಬಾರದು. ದ್ರಾಕ್ಷಿಯ ತೋಟದಲ್ಲಿ ಉಳಿದ ಗೊಂಚಲುಗಳಿಗಾಗಿ ಎರಡನೆಯ ಸಲ ಬಳ್ಳಿಗಳನ್ನು ತಡಕಬಾರದು. ಅದೆಲ್ಲವೂ ಬಡವನಿಗೆ, ಪರದೇಶಿಗೆ, ತಬ್ಬಲಿಗೆ, ವಿಧವೆಗೆ ಸೇರತಕ್ಕದ್ದು. ಕ್ರಿ.ಶ. 200ರ ಸುಮಾರಿಗೆ ಸಂಕಲಿತವಾದ ‘ಮಿಷ್ನಾ’ ಎಂಬ ಯೆಹೂದಿ ಧರ್ಮಶಾಸ್ತ್ರವು, ಅಂಚಿನಲ್ಲಿ ಬಿಡುವ ಪಾಲು ಅರವತ್ತರಲ್ಲಿ ಒಂದಕ್ಕಿಂತ ಕಡಿಮೆಯಾಗಬಾರದೆಂದು ಲೆಕ್ಕವನ್ನೂ ಕಟ್ಟಿಕೊಟ್ಟಿದೆ. ಇದು ಒಡೆಯನ ಮನಸ್ಸಿನ ಮೃದುತ್ವಕ್ಕೆ ಬಿಟ್ಟುಕೊಟ್ಟ ದಾನವಾಗಿರದೆ ಆಯುವವನ ಹಕ್ಕಾಗಿದ್ದಿತು. ‘ಹಕ್ಕು’ ಅರಬ್ಬೀ ಮೂಲದ ಮಾತು, ‘ಹಕ್ಕಲು’ ದೇಶ್ಯ. ಎರಡಕ್ಕೂ ವ್ಯುತ್ಪತ್ತಿಯ ನಂಟಿಲ್ಲ. ಆದರೆ ಈ ಕಟ್ಟಳೆಯಲ್ಲಿ ಅವೆರಡೂ ಒಂದರ ಕೈಯನ್ನೊಂದು ಹಿಡಿದಿವೆ.

‘ಪರದೇಶಿ’ ಎಂಬ ಮಾತನ್ನೂ ಇಲ್ಲಿ ಗಮನಿಸಬೇಕು. ಹೀಬ್ರೂ ಭಾಷೆಯಲ್ಲಿ ಹೊರನಾಡಿನವನಿಗೆ ಎರಡು ಮುಖ್ಯ ಪದಗಳಿವೆಯೆಂದು ಪಂಡಿತರು ಹೇಳುತ್ತಾರೆ. ಬಂದು ನಮ್ಮ ನಡುವೆ ನೆಲಸಿದವನು ‘ಗೇರ್’. ಇನ್ನೂ ಹೊರಗಿನವನಾಗಿಯೇ ಉಳಿದವನು ‘ನೊಖ್ರಿ’. ಕನ್ನಡದ ಬೈಬಲಿನಲ್ಲಿ ಸಾಮಾನ್ಯವಾಗಿ ‘ಗೇರ್’ ಎಂಬುದಕ್ಕೆ ಪರದೇಶಿ ಎಂಬ ಮಾತು ಬಳಕೆಯಾಗಿದೆ. ನಮ್ಮ ಆಡುನುಡಿಯಲ್ಲಿ ಪರದೇಶಿಯೆಂದರೆ ಬೇರೆ ದೇಶದವನು ಮಾತ್ರವಲ್ಲ, ದಿಕ್ಕುದೆಸೆಯಿಲ್ಲದವನೂ ಹೌದು. ತಂದೆತಾಯಿಗಳನ್ನು ಕಳೆದುಕೊಂಡ ಮಗುವನ್ನು ಕಂಡು ಹಳ್ಳಿಯ ಮುದುಕಿ ‘ಪರದೇಶಿ ಕೂಸು’ ಎಂದು ಮರುಗುವಾಗ ಆ ಕೂಸು ಹುಟ್ಟಿದ್ದು ಪಕ್ಕದ ಮನೆಯಲ್ಲಿಯೇ ಆಗಿರಬಹುದು. ಬೈಬಲಿನ ಕಟ್ಟಳೆಗಳು ಪರದೇಶಿಯನ್ನು ತಬ್ಬಲಿಯ, ವಿಧವೆಯ ಪಕ್ಕದಲ್ಲಿ ಮತ್ತೆ ಮತ್ತೆ ನಿಲ್ಲಿಸುವುದು ಇದೇ ಅರಿವಿನಿಂದ. ಬೆನ್ನಿಗೆ ಬಂಧುಬಳಗವಿಲ್ಲದವನನ್ನು ಯಾರು ಬೇಕಾದರೂ ತುಳಿಯಬಹುದು. ಆದುದರಿಂದ ಅವನನ್ನು ಸ್ವದೇಶದವನಂತೆಯೇ ಕಾಣಬೇಕು, ತನ್ನನ್ನು ತಾನು ಪ್ರೀತಿಸಿಕೊಳ್ಳುವಂತೆಯೇ ಪ್ರೀತಿಸಬೇಕು ಎಂದು ಯಾಜಕಕಾಂಡವು ವಿಧಿಸುತ್ತದೆ. ಕಾರಣವನ್ನೂ ಅದು ಕೊಡುತ್ತದೆ: ಇಸ್ರಾಯೇಲರು ಸ್ವತಃ ಐಗುಪ್ತ ದೇಶದಲ್ಲಿ ಪರದೇಶಿಗಳಾಗಿದ್ದವರು.

ಇದು ಒಂದು ಮಾತು. ಇನ್ನೊಂದು ಮಾತನ್ನು ಧರ್ಮೋಪದೇಶಕಾಂಡದ 23ನೆಯ ಅಧ್ಯಾಯದಲ್ಲಿ ಓದಬೇಕು. ಅಮ್ಮೋನಿಯನಾಗಲಿ ಮೋವಾಬ್ಯನಾಗಲಿ ದೇವರ ಸಭೆಯನ್ನು ಸೇರಬಾರದು. ಅವನ ಸಂತತಿಯ ಹತ್ತನೆಯ ತಲೆಮಾರಿನವರಿಗೂ ಆ ಪ್ರವೇಶವಿಲ್ಲ. ಇಲ್ಲಿಯೂ ಕಾರಣವುಂಟು. ಇಸ್ರಾಯೇಲರು ಐಗುಪ್ತದಿಂದ ಬರುತ್ತಿದ್ದಾಗ ಈ ಜನರು ಅನ್ನನೀರುಗಳೊಡನೆ ಎದುರುಗೊಳ್ಳಲಿಲ್ಲ. ಸಾಲದುದಕ್ಕೆ ಬಿಳಾಮನಿಗೆ ಕೂಲಿ ಕೊಟ್ಟು ಶಪಿಸಲು ಕರೆಸಿದರು. ವಿಚಿತ್ರವೆಂದರೆ, ಅದೇ ಅಧ್ಯಾಯದಲ್ಲಿ, ಕೆಲವೇ ಸಾಲುಗಳ ಅನಂತರ, ಐಗುಪ್ತ್ಯನನ್ನು ಅಸಹ್ಯಪಡಬಾರದೆಂಬ ವಿಧಿ ಇದೆ. ಅವನ ಮೂರನೆಯ ತಲೆಮಾರಿನವರಿಗೆ ಸಭೆಯ ಬಾಗಿಲು ತೆರೆದಿದೆ. ಗುಲಾಮಗಿರಿಯಲ್ಲಿ ನರಳಿಸಿದವನಿಗೆ ಮೂರು ತಲೆಮಾರು, ಒಂದು ಹೊತ್ತಿನ ಅನ್ನ ಕೊಡದವನಿಗೆ ಹತ್ತು! ಎರಡು ವಿಧಿಗಳೂ ನೆನಪಿನ ಮೇಲೆಯೇ ನಿಂತಿವೆ ಎಂಬುದು ಇಲ್ಲಿಯ ಮರ್ಮ. ನಾವೂ ಒಮ್ಮೆ ಪರದೇಶಿಗಳಾಗಿದ್ದೆವು ಎಂಬುದು ಒಂದು ನೆನಪು. ಅಂದು ನಮಗೆ ಅವರು ಹೀಗೆ ಮಾಡಿದರು ಎಂಬುದು ಇನ್ನೊಂದು. ಯಾವ ಸಮುದಾಯದ ಎದೆಯಲ್ಲಿಯೂ ಈ ಎರಡು ನೆನಪುಗಳು ಒಟ್ಟಿಗೇ ಇರುತ್ತವೆ. ಹೊಸಬನೊಬ್ಬನು ಬಂದು ಬಾಗಿಲನ್ನು ತಟ್ಟಿದಾಗ ಯಾವ ನೆನಪು ಎದ್ದು ಹೋಗಿ ಅಗುಳಿಯ ಮೇಲೆ ಕೈಯಿಡುತ್ತದೆ ಎಂಬುದೇ ಪ್ರಶ್ನೆ.

ಮೋವಾಬ್ಯರು ಬಹು ದೂರದವರೇನೂ ಅಲ್ಲ. ಮೃತ ಸಮುದ್ರದ ಪೂರ್ವಕ್ಕೆ, ಇಂದಿನ ಜೋರ್ಡಾನ್ ದೇಶದಲ್ಲಿ, ಅವರ ನಾಡಿದ್ದಿತು. 1868ರಲ್ಲಿ ಅಲ್ಲಿಯ ಧಿಬಾನ್ ಎಂಬಲ್ಲಿ ಮೋವಾಬಿನ ದೊರೆ ಮೇಷನು ಕ್ರಿ.ಪೂ. ಒಂಬತ್ತನೆಯ ಶತಮಾನದಲ್ಲಿ ಕೆತ್ತಿಸಿದ ಶಾಸನವು ದೊರೆಯಿತು. ಈಗ ಅದು ಪ್ಯಾರಿಸಿನ ಲೂವ್ರ್ ವಸ್ತುಸಂಗ್ರಹಾಲಯದಲ್ಲಿದೆ. ಇಸ್ರಾಯೇಲರನ್ನು ಗೆದ್ದ ಬಗೆಯನ್ನು ಕೊಚ್ಚಿಕೊಳ್ಳುವ ಆ ಶಾಸನದ ಭಾಷೆ ಹೀಬ್ರೂವಿಗೆ ತೀರ ಹತ್ತಿರದ್ದು. ಒಬ್ಬರ ಬೈಗುಳು ಇನ್ನೊಬ್ಬರಿಗೆ ಅರ್ಥವಾಗುವಷ್ಟು ಸಮೀಪದ ದಾಯಾದಿಗಳು ಅವರು. ದೂರದವರ ಹಗೆಗಿಂತ ದಾಯಾದಿಗಳ ಹಗೆ ಹೆಚ್ಚು ಕಾಲ ಬಾಳುತ್ತದೆಂಬುದನ್ನು ಭಾರತ ಕಥೆಯನ್ನು ಕೇಳಿ ಬೆಳೆದವರಿಗೆ ಹೇಳಬೇಕಾಗಿಲ್ಲ.

ಇನ್ನು ಕಥೆಗೆ ಬರೋಣ. ನ್ಯಾಯಸ್ಥಾಪಕರ ಕಾಲದಲ್ಲಿ ಬೇತ್ಲೆಹೇಮಿನಲ್ಲಿ ಬರ ಬಿದ್ದಿತು. ಆ ಊರಿನ ಹೆಸರಿನ ಅರ್ಥವೇ ‘ರೊಟ್ಟಿಯ ಮನೆ’. ಅಲ್ಲಿಯೇ ರೊಟ್ಟಿಗೆ ತತ್ವಾರವಾಯಿತು. ಎಲೀಮೆಲೆಕನೆಂಬವನು ಹೆಂಡತಿ ನೊವೊಮಿಯನ್ನೂ ಇಬ್ಬರು ಗಂಡುಮಕ್ಕಳನ್ನೂ ಕರೆದುಕೊಂಡು ಮೋವಾಬಿಗೆ ಹೋದನು. ಹಿಂದೊಮ್ಮೆ ದಾರಿಹೋಕರಿಗೆ ಅನ್ನ ಕೊಡದ ನಾಡು ಈ ಬಡಕುಟುಂಬಕ್ಕೆ ಅನ್ನ ಕೊಟ್ಟಿತು, ನೆರಳು ಕೊಟ್ಟಿತು, ಸೊಸೆಯರನ್ನೂ ಕೊಟ್ಟಿತು. ಕಥೆಗಾರನು ಇದನ್ನು ಎತ್ತಿ ತೋರಿಸುವುದಿಲ್ಲ. ಸುಮ್ಮನೆ ಹೇಳಿ ಮುಂದೆ ಸಾಗುತ್ತಾನೆ. ಗಂಡ ಸತ್ತನು, ಹತ್ತು ವರ್ಷಗಳ ಅವಧಿಯಲ್ಲಿ ಇಬ್ಬರು ಮಕ್ಕಳೂ ಸತ್ತರು. ಮೂವರು ವಿಧವೆಯರು ಉಳಿದರು. ನೊವೊಮಿ ತನ್ನೂರಿಗೆ ಹೊರಟಾಗ ಸೊಸೆಯರನ್ನು ತವರಿಗೆ ಹಿಂದಿರುಗಿರೆಂದು ಬೇಡಿಕೊಂಡಳು. ಹಿರಿಯವಳೋ ಕಿರಿಯವಳೋ, ಒರ್ಫಾ ಎಂಬವಳು ಅತ್ತು, ಅತ್ತೆಗೆ ಮುದ್ದಿಟ್ಟು ಹಿಂದಿರುಗಿದಳು. ಅವಳನ್ನು ಗ್ರಂಥವು ನಿಂದಿಸುವುದಿಲ್ಲ. ರೂತಳು ಮಾತ್ರ ಅತ್ತೆಯನ್ನು ಬಿಡಲಿಲ್ಲ. ನಡೆವ ದಾರಿ, ತಂಗುವ ಬೀಡು, ಜನ, ದೇವರು, ಸಾವು, ಸಮಾಧಿ — ಇವೆಲ್ಲದರಲ್ಲಿಯೂ ಅತ್ತೆಯದೇ ತನ್ನದೆಂದು ಅವಳು ಮಾತು ಕೊಟ್ಟಳು. ಈ ಅನುಕ್ರಮವನ್ನು ನೋಡಿದಾಗಲೆಲ್ಲ ನನ್ನ ಗಮನ ಒಂದು ಕಡೆ ನಿಲ್ಲುತ್ತದೆ. ಜನ ಮೊದಲು, ದೇವರು ಆಮೇಲೆ. ತತ್ತ್ವವನ್ನು ತೂಗಿ ನೋಡಿ ಅವಳು ಧರ್ಮವನ್ನು ಆರಿಸಿಕೊಂಡವಳಲ್ಲ. ದಿಕ್ಕುಗೆಟ್ಟ ಒಬ್ಬ ಮುದುಕಿಯ ಕೈಹಿಡಿದಳು, ಆ ಕೈಯ ಮೂಲಕ ದೇವರಲ್ಲಿಗೆ ಬಂದಳು.

ಜವೆಗೋಧಿಯ ಕೊಯ್ಲಿನ ಆರಂಭದಲ್ಲಿ ಅವರು ಬೇತ್ಲೆಹೇಮನ್ನು ಮುಟ್ಟಿದರು. ರೂತಳು ಪರದೇಶಿ, ವಿಧವೆ, ಬಡವಿ. ಹಕ್ಕಲಿನ ಕಟ್ಟಳೆಯ ಮಾತುಗಳೆಲ್ಲ ಅವಳೊಬ್ಬಳಿಗೇ ಅನ್ವಯಿಸುತ್ತಿದ್ದವು. ಅವಳು ಆಯಲು ಹೋದ ಹೊಲ ಎಲೀಮೆಲೆಕನ ಬಂಧುವಾದ ಬೋವಜನದು. ಆತನು ಅವಳಿಗೆ ಆಯಲು ಅವಕಾಶ ಕೊಟ್ಟುದರಲ್ಲಿ ಹೆಚ್ಚುಗಾರಿಕೆಯೇನೂ ಇಲ್ಲ, ಅದು ಕಟ್ಟಳೆ. ಮುಂದಿನದು ಕಟ್ಟಳೆಗೆ ಮೀರಿದ್ದು. ಯಾರೂ ಅವಳ ಮೈಮುಟ್ಟಬಾರದೆಂದು ಆಳುಗಳಿಗೆ ಆಜ್ಞೆ ಮಾಡಿದನು. ಬೇರೆ ನಾಡಿನ ಒಂಟಿ ಹೆಂಗಸಿಗೆ ಹೊಲದಲ್ಲಿ ಏನು ಕಾದಿರಬಹುದೆಂಬುದನ್ನು ಆ ಆಜ್ಞೆಯೇ ಹೇಳುತ್ತದೆ. ಬಾಯಾರಿದಾಗ ಆಳುಗಳು ಸೇದಿಟ್ಟ ನೀರನ್ನು ಕುಡಿಯಲು ಹೇಳಿದನು. ಊಟದ ಹೊತ್ತಿನಲ್ಲಿ ಕೊಯ್ಯುವವರ ಪಕ್ಕದಲ್ಲಿ ಕೂರಿಸಿ ರೊಟ್ಟಿಯನ್ನೂ ಹುರಿದ ಕಾಳನ್ನೂ ಕೊಟ್ಟನು. ಅವಳಿಗಾಗಿ ಸಿವುಡುಗಳಿಂದ ತೆನೆಗಳನ್ನು ಬೇಕೆಂದೇ ಬೀಳಿಸಿರೆಂದು ಗುಟ್ಟಾಗಿ ಅಪ್ಪಣೆಯಿತ್ತನು. ಅನ್ನನೀರು ಕೊಡದ ಜನವೆಂದು ಮೋವಾಬ್ಯರಿಗೆ ಬಾಗಿಲು ಮುಚ್ಚಿದ್ದಿತಷ್ಟೆ? ಆ ಜನದ ಒಬ್ಬ ಹೆಣ್ಣುಮಗಳಿಗೆ ಇಸ್ರಾಯೇಲಿನ ಒಬ್ಬ ಗೃಹಸ್ಥನು ಮೊದಲು ಕೊಟ್ಟದ್ದು ನೀರು ಮತ್ತು ಅನ್ನ. ಹಳೆಯ ಸಾಲವನ್ನು ಸಾಲಗಾರನ ಬದಲು ಸಾಲ ಕೊಟ್ಟವನೇ ತೀರಿಸಿದಂತಾಯಿತು.

ಆ ದಿನ ಬೋವಜನು ಅವಳನ್ನು ಹರಸುತ್ತ, ಅವಳು ಇಸ್ರಾಯೇಲಿನ ದೇವರ ರೆಕ್ಕೆಗಳ ಮರೆಯನ್ನು ಹೊಕ್ಕವಳೆಂದು ಹೇಳಿದನು. ಕೆಲವು ವಾರಗಳ ಮೇಲೆ, ಕಣದಲ್ಲಿ ಧಾನ್ಯದ ರಾಶಿಯ ಬಳಿ ರಾತ್ರಿ ಮಲಗಿದ್ದ ಬೋವಜನ ಕಾಲ ದೆಸೆಗೆ ಬಂದು ರೂತಳು ಬೇಡಿದ್ದು, ಆತನ ಹೊದಿಕೆಯ ಸೆರಗನ್ನು ತನ್ನ ಮೇಲೆ ಹೊದಿಸಬೇಕೆಂದು. ಎಂದರೆ ತನ್ನನ್ನು ಕೈಹಿಡಿಯಬೇಕೆಂದು. ಹೀಬ್ರೂ ಭಾಷೆಯಲ್ಲಿ ರೆಕ್ಕೆಗೂ ಬಟ್ಟೆಯ ಅಂಚಿಗೂ ಒಂದೇ ಪದ — ‘ಕನಾಫ್’. ಕನ್ನಡದಲ್ಲಿ ಎರಡು ಪದಗಳು ಬೇಕಾದುದರಿಂದ ಈ ಶ್ಲೇಷೆ ನಮ್ಮ ಕಿವಿಗೆ ಬೀಳುವುದಿಲ್ಲ. ಮೂಲವನ್ನು ಬಲ್ಲವರಿಗೆ ರೂತಳ ಬೇಡಿಕೆಯ ಹರಿತ ಗೊತ್ತಾಗುತ್ತದೆ. ದೇವರ ರೆಕ್ಕೆಯ ನೆರಳೆಂದು ಹರಸಿದೆಯಲ್ಲ, ಆ ರೆಕ್ಕೆ ಈಗ ನೀನೇ ಆಗಬೇಕು ಎಂಬುದು ಅದರ ಧ್ವನಿ. ನಮ್ಮಲ್ಲಿ ಸೆರಗೊಡ್ಡಿ ಬೇಡುವವಳು ಹೆಣ್ಣು. ಇಲ್ಲಿ ಅವಳು ತನ್ನ ಸೆರಗನ್ನೊಡ್ಡದೆ ಆತನ ಸೆರಗನ್ನು ಬೇಡುತ್ತಾಳೆ. ಹೊರಗಿನವರನ್ನು ಬಾಯಿಮಾತಿನಲ್ಲಿ ದೇವರಿಗೆ ಒಪ್ಪಿಸಿ ನಾವು ನಮ್ಮ ಹೊದಿಕೆಯನ್ನು ಬಿಗಿಯಾಗಿ ಸುತ್ತಿಕೊಳ್ಳಬಹುದು. ಆ ಅನುಕೂಲವನ್ನು ಅವಳು ಬೋವಜನಿಗೆ ಉಳಿಸಲಿಲ್ಲ.

ಕೊನೆಯ ತೀರ್ಮಾನ ಊರಬಾಗಿಲಿನಲ್ಲಿ, ಹತ್ತು ಮಂದಿ ಹಿರಿಯರ ಮುಂದೆ. ರೂತಳನ್ನು ಕೈಹಿಡಿದು ಎಲೀಮೆಲೆಕನ ಹೊಲವನ್ನು ಬಿಡಿಸಿಕೊಳ್ಳುವ ಬಾಧ್ಯತೆ ಬೋವಜನಿಗಿಂತ ಹತ್ತಿರದ ಬಂಧುವೊಬ್ಬನಿಗಿದ್ದಿತು. ಹೊಲವೆಂದಾಗ ಒಪ್ಪಿದವನು, ಜೊತೆಗೆ ಮೋವಾಬಿನ ವಿಧವೆಯೂ ಬರುತ್ತಾಳೆಂದಾಗ ತನ್ನ ಸ್ವತ್ತು ಕೆಟ್ಟೀತೆಂದು ಹೆದರಿ ಹಿಂದೆಗೆದನು. ಆ ಕಾಲದ ಪದ್ಧತಿಯಂತೆ ಕಾಲ ಕೆರವನ್ನು ಬಿಚ್ಚಿಕೊಟ್ಟು ಹಕ್ಕನ್ನು ಬಿಟ್ಟನು. ಗ್ರಂಥವು ಅವನ ಹೆಸರನ್ನೇ ಹೇಳುವುದಿಲ್ಲ. ಮೂಲದಲ್ಲಿ ಅವನು ‘ಇಂಥವನು’ ಮಾತ್ರ. ತನ್ನ ವಂಶದ ಆಸ್ತಿಗಾಗಿ ಅಂಜಿದವನಿಗೆ ಹೆಸರಿಲ್ಲ. ಹೊರಗಿನಿಂದ ಬಂದವಳ ಹೆಸರೇ ಗ್ರಂಥಕ್ಕೆ. ಇನ್ನೊಂದು ಸೂಕ್ಷ್ಮವುಂಟು. ಕಥೆಯಲ್ಲಿ ಐದು ಸಲ ಅವಳನ್ನು ಮೋವಾಬಿನ ರೂತಳೆಂದೇ ಕರೆದಿದೆ. ಐದನೆಯ ಸಲ ಬರುವುದು ಈ ಊರಬಾಗಿಲಿನಲ್ಲಿ, ಬೋವಜನ ಬಾಯಲ್ಲಿ. ಮದುವೆಯಾದ ಮೇಲೆ ಅವಳು ಬರಿಯ ರೂತಳು. ಅವಳ ಮಗ ಓಬೇದ, ಮೊಮ್ಮಗ ಇಷಯ, ಮರಿಮಗ ದಾವೀದ. ಹತ್ತನೆಯ ತಲೆಮಾರಿಗೂ ಸಭೆಯಲ್ಲಿ ಸ್ಥಳವಿಲ್ಲವೆಂದ ಜನಕ್ಕೆ, ಮೋವಾಬಿನ ಹೆಣ್ಣಿನ ಮರಿಮಗನೇ ದೊರೆಯಾದನು.

ಈ ಕಥೆ ಎಂದು ಬರೆಯಲ್ಪಟ್ಟಿತೆಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಬಾಬಿಲೋನಿನ ಸೆರೆಯಿಂದ ಯೆಹೂದ್ಯರು ಹಿಂದಿರುಗಿದ ಮೇಲೆ, ಎಜ್ರ ಮತ್ತು ನೆಹೆಮೀಯರ ಕಾಲದ ಕಠಿಣ ನಿಯಮಗಳಿಗೆ ಎದುರಾಗಿ ಇದು ಹುಟ್ಟಿತೆಂದು ಕೆಲವರು. ಅದಕ್ಕೂ ಹಳೆಯದೆಂದು ಕೆಲವರು. ಕಾಲ ಯಾವುದೇ ಇರಲಿ, ಎಜ್ರನ ಗ್ರಂಥದ ಕೊನೆಯ ಅಧ್ಯಾಯಗಳನ್ನು ಇದರ ಪಕ್ಕದಲ್ಲಿಟ್ಟು ಓದಬೇಕು. ಅಲ್ಲಿ ಜನರೆಲ್ಲ ಮಳೆಯಲ್ಲಿ ನಡುಗುತ್ತ ಕೂಡುತ್ತಾರೆ. ಅನ್ಯಕುಲದ ಹೆಂಡಿರನ್ನು ಕಳುಹಿಸಿಬಿಡಬೇಕೆಂದು ತೀರ್ಮಾನವಾಗುತ್ತದೆ. ಅಂಥ ಮದುವೆ ಮಾಡಿಕೊಂಡ ನೂರಕ್ಕೂ ಹೆಚ್ಚು ಗಂಡಸರ ಹೆಸರುಗಳ ಪಟ್ಟಿ ಇದೆ. ಹೆಂಗಸರಲ್ಲಿ ಒಬ್ಬಳ ಹೆಸರೂ ಇಲ್ಲ. ಅವರಲ್ಲಿ ಮಕ್ಕಳೊಂದಿಗರೂ ಇದ್ದರೆಂದು ಮಾತ್ರ ತಿಳಿಯುತ್ತದೆ. ನೆಹೆಮೀಯನು ಇದಕ್ಕೆ ಕೊಡುವ ಒಂದು ಕಾರಣ ಭಾಷೆ: ಮಕ್ಕಳಲ್ಲಿ ಅರ್ಧ ಮಂದಿ ಅಷ್ಡೋದಿನ ಮಾತನ್ನಾಡುತ್ತಿದ್ದರು, ಯೆಹೂದ್ಯರ ಮಾತು ಅವರಿಗೆ ಬರುತ್ತಿರಲಿಲ್ಲ.

ಈ ಇಬ್ಬರು ನಾಯಕರನ್ನು ಕಟುಕರೆಂದು ತಳ್ಳಿಹಾಕುವುದು ಸುಲಭ, ನ್ಯಾಯವಲ್ಲ. ರಾಜ್ಯ ಹೋಗಿ, ದೇವಾಲಯ ಸುಟ್ಟು, ಪರರಾಜರ ಕೃಪೆಯಲ್ಲಿ ಬೆರಳೆಣಿಕೆಯ ಜನ ಹಿಂದಿರುಗಿದ್ದರು. ಇನ್ನೊಂದು ತಲೆಮಾರಿನಲ್ಲಿ ತಾವು ಹೇಳಹೆಸರಿಲ್ಲದಂತಾಗುತ್ತೇವೆಂಬ ಭಯ ಅವರದು. ತನ್ನ ಭಾಷೆಯನ್ನು ಮಕ್ಕಳು ಮರೆಯುವುದನ್ನು ಕಣ್ಣಾರೆ ಕಂಡ ಭಾಷಾಧ್ಯಾಪಕನಿಗೆ ಆ ಭಯ ಅರ್ಥವಾಗದೆ ಹೋಗದು. ಆದರೆ ಭಯವು ನಿಜವಾದುದೆಂದ ಮಾತ್ರಕ್ಕೆ ಅದರ ಬೆಲೆಯನ್ನು ತೆರಬೇಕಾದವರು ಯಾರೆಂಬ ಪ್ರಶ್ನೆ ಅಳಿಯುವುದಿಲ್ಲ. ಹೆಸರಿಲ್ಲದ ಆ ತಾಯಂದಿರು ಮಕ್ಕಳ ಕೈಹಿಡಿದು ಎಲ್ಲಿಗೆ ಹೋದರು? ಗ್ರಂಥವು ಹೇಳುವುದಿಲ್ಲ. ಹೇಳದೆ ಬಿಟ್ಟ ಆ ಜಾಗದಲ್ಲಿ ರೂತಳ ಕಥೆ ಬಂದು ಕುಳಿತಿದೆಯೆಂದು ನನಗೆ ತೋರುತ್ತದೆ. ಬೈಬಲನ್ನು ಸಂಕಲಿಸಿದವರು ಎಜ್ರನನ್ನೂ ಇಟ್ಟುಕೊಂಡರು, ರೂತಳನ್ನೂ ಇಟ್ಟುಕೊಂಡರು. ಒಬ್ಬರಿಗಾಗಿ ಇನ್ನೊಬ್ಬರನ್ನು ತೆಗೆದುಹಾಕಲಿಲ್ಲ.

ಯೆಶಾಯನ ಗ್ರಂಥದ 56ನೆಯ ಅಧ್ಯಾಯವು ರೂತಳ ಪಕ್ಷಕ್ಕೆ ನಿಲ್ಲುತ್ತದೆ. ದೇವರು ತನ್ನನ್ನು ತನ್ನ ಜನರಿಂದ ಬೇರ್ಪಡಿಸುವನೆಂದು ಅನ್ಯದೇಶದವನು ಕೊರಗಬೇಕಾಗಿಲ್ಲ. ತಾನು ಒಣಮರವೆಂದು ನಪುಂಸಕನು ಕೊರಗಬೇಕಾಗಿಲ್ಲ. ದೇವಾಲಯವು ಎಲ್ಲ ಜನಾಂಗಗಳಿಗೂ ಪ್ರಾರ್ಥನೆಯ ಮನೆಯಾಗುವುದು ಎಂಬುದು ಅದರ ಸಾರ. ಆದರೆ ಪ್ರವಾದಿಯ ಮಾತು ಕಟ್ಟಡದ ಕಲ್ಲಿಗಿಳಿಯುವುದು ಸುಲಭವಲ್ಲ. 1871ರಲ್ಲಿ ಫ್ರಾನ್ಸಿನ ಕ್ಲೆರ್ಮೋ-ಗನ್ನೋ ಎಂಬ ವಿದ್ವಾಂಸನು ಯೆರೂಸಲೇಮಿನಲ್ಲಿ ಗ್ರೀಕ್ ಶಾಸನವೊಂದನ್ನು ಕಂಡುಹಿಡಿದನು. ಹೆರೋದನು ಕಟ್ಟಿಸಿದ ದೇವಾಲಯದ ಒಳಗಣ ಬೇಲಿಯ ಕಲ್ಲು ಅದು. ಅನ್ಯಜನರಾರೂ ಈ ಬೇಲಿಯನ್ನು ದಾಟಬಾರದು, ದಾಟಿ ಸಿಕ್ಕಿಬಿದ್ದವನ ಸಾವಿಗೆ ಅವನೇ ಹೊಣೆ ಎಂಬ ಎಚ್ಚರಿಕೆ ಅದರಲ್ಲಿದೆ. ಇಂದು ಅದನ್ನು ಇಸ್ತಾಂಬುಲಿನ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು. ಯೇಸು ದೇವಾಲಯದಿಂದ ವ್ಯಾಪಾರಿಗಳನ್ನು ಹೊರಡಿಸಿದಾಗ ನೆನಪಿಸಿದ್ದು ಯೆಶಾಯನ ಆ ಮಾತನ್ನೇ. ಆಡಿದ ಅಂಗಳದಿಂದ ಈ ಕಲ್ಲು ದೂರವಿರಲಿಲ್ಲ.

ಆತನ ಶಿಷ್ಯರಿಗೂ ಈ ಪಾಠ ಒಮ್ಮೆಗೇ ಕರಗತವಾಗಲಿಲ್ಲ. ಅಪೊಸ್ತಲರ ಕೃತ್ಯಗಳಲ್ಲಿ ಐಥಿಯೋಪ್ಯದ ಒಬ್ಬ ನಪುಂಸಕ ಅಧಿಕಾರಿ ರಥದಲ್ಲಿ ಕುಳಿತು ಯೆಶಾಯನ ಗ್ರಂಥವನ್ನೇ ಓದುತ್ತಿರುತ್ತಾನೆ. ತನ್ನ ದೀಕ್ಷಾಸ್ನಾನಕ್ಕೆ ಅಡ್ಡಿಯೇನೆಂದು ಕೇಳುತ್ತಾನೆ. ಧರ್ಮೋಪದೇಶಕಾಂಡದ ಆ 23ನೆಯ ಅಧ್ಯಾಯದಂತೆ ಅಡ್ಡಿ ಇದ್ದಿತು. ಫಿಲಿಪ್ಪನು ಆ ಅಡ್ಡಿಯನ್ನು ಎಣಿಸದೆ ಅವನೊಡನೆ ನೀರಿಗಿಳಿದನು. ಪೇತ್ರನು ಕೈಸರೈಯದಲ್ಲಿ ರೋಮನ್ ಶತಾಧಿಪತಿ ಕೊರ್ನೇಲ್ಯನ ಮನೆಯನ್ನು ಹೊಕ್ಕನು. ಕ್ರಿ.ಶ. 49ರ ಸುಮಾರಿಗೆ ಯೆರೂಸಲೇಮಿನಲ್ಲಿ ಸೇರಿದ ಹಿರಿಯರ ಸಭೆಯು, ಅನ್ಯಜನರಿಂದ ಬಂದವರಿಗೆ ಸುನ್ನತಿಯ ಕಟ್ಟಳೆ ಬೇಡವೆಂದು ತೀರ್ಮಾನಿಸಿತು. ಆದರೂ ಅಂತಿಯೋಕ್ಯದಲ್ಲಿ ಅದೇ ಪೇತ್ರನು, ಸ್ವಜನರು ಕೆಲವರು ಬಂದೊಡನೆ ಅನ್ಯಜನರ ಪಂಕ್ತಿಯಿಂದ ಮೆಲ್ಲನೆ ಎದ್ದುಹೋದನೆಂದೂ ತಾನು ಎಲ್ಲರ ಮುಂದೆ ಅವನನ್ನು ಎದುರಿಸಿದೆನೆಂದೂ ಪೌಲನು ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಹೇಳುತ್ತಾನೆ. ಸಭೆಯ ನಿರ್ಣಯ ಒಂದು, ಊಟದ ಪಂಕ್ತಿ ಇನ್ನೊಂದು. ಪಂಕ್ತಿಭೇದದ ನಾಡಿನಲ್ಲಿ ಹುಟ್ಟಿದ ನಮಗೆ ಈ ಪ್ರಸಂಗಕ್ಕೆ ಟೀಕೆ ಬೇಕಾಗಿಲ್ಲ.

ಯೆಹೂದಿ ಪಂಡಿತರೂ ಸುಮ್ಮನೆ ಕುಳಿತವರಲ್ಲ. ಮೋವಾಬ್ಯ ಪುರುಷನಿಗೆ ನಿಷೇಧ, ಸ್ತ್ರೀಗೆ ಇಲ್ಲವೆಂದು ಮಿಷ್ನಾ ತೀರ್ಮಾನಿಸಿತು. ಅದರಲ್ಲಿಯೇ ಇನ್ನೊಂದು ಪ್ರಸಂಗವಿದೆ. ಅಮ್ಮೋನ್ಯ ಕುಲದ ಯೆಹೂದನೆಂಬ ಮತಾಂತರಿತನು ವಿದ್ಯಾಮಂದಿರದಲ್ಲಿ ಎದ್ದು ನಿಂತು, ತಾನು ಸಭೆಯನ್ನು ಸೇರಬಹುದೇ ಎಂದು ಕೇಳುತ್ತಾನೆ. ಗಮಾಲಿಯೇಲನು ಶಾಸ್ತ್ರವನ್ನೆತ್ತಿ ಕೂಡದೆಂದನು. ಯೆಹೋಶುವನು ಕೂಡುವುದೆಂದನು; ಅಸ್ಸೂರದ ದೊರೆ ಸನ್ಹೇರೀಬನು ಜನಾಂಗಗಳನ್ನೆಲ್ಲ ಕಲಸಿಬಿಟ್ಟ ಮೇಲೆ ಯಾವನು ಶುದ್ಧ ಅಮ್ಮೋನ್ಯನೆಂದು ಹೇಳಲಾದೀತೆಂಬುದು ಆತನ ವಾದ. ಆ ಮನುಷ್ಯನನ್ನು ಸೇರಿಸಿಕೊಂಡರು.

ಆದರೆ ಸೇರಿಸಿಕೊಳ್ಳುವುದು ಎಲ್ಲಿಗೆ ಮುಗಿಯುತ್ತದೆ? ಪ್ರಥಮಫಲವನ್ನು ಅರ್ಪಿಸುವಾಗ ಮತಾಂತರಿತನು ಪೂರ್ವಿಕರನ್ನು ನೆನೆವ ಮಂತ್ರವನ್ನು ಹೇಳಬಾರದೆಂದು ಮಿಷ್ನಾದ ಒಂದು ವಿಧಿ. ಆ ಪೂರ್ವಿಕರು ಅವನವರಲ್ಲವಲ್ಲ! ಹನ್ನೆರಡನೆಯ ಶತಮಾನದಲ್ಲಿ ಓಬದ್ಯನೆಂಬ ಮತಾಂತರಿತನು ಇದೇ ಸಂಶಯದಿಂದ ಮಹಾಪಂಡಿತ ಮೈಮೊನಿಡೀಸನಿಗೆ ಪತ್ರ ಬರೆದನು: ಪ್ರಾರ್ಥನೆಯಲ್ಲಿ ನಮ್ಮ ಪಿತೃಗಳ ದೇವರೆಂದು ಹೇಳಲು ತನಗೆ ಅಧಿಕಾರವಿದೆಯೇ? ಒಂದು ಅಕ್ಷರವನ್ನೂ ಬದಲಿಸದೆ ಹೇಳಬೇಕೆಂದು ಮೈಮೊನಿಡೀಸನು ಉತ್ತರಿಸಿದನು. ಅಬ್ರಹಾಮನು ತೋರಿದ ದಾರಿಗೆ ಬಂದವರೆಲ್ಲರಿಗೂ ಅಬ್ರಹಾಮನೇ ತಂದೆ ಎಂಬುದು ಆತನ ನ್ಯಾಯ. ಬಾಗಿಲನ್ನು ತೆರೆಯುವುದು ಒಂದು ಔದಾರ್ಯ; ಪೂರ್ವಿಕರನ್ನು ಹಂಚಿಕೊಳ್ಳುವುದು ಅದಕ್ಕಿಂತ ಬಹು ದೊಡ್ಡದು. ಮತ್ತಾಯನು ಯೇಸುವಿನ ವಂಶಾವಳಿಯನ್ನು ಬರೆಯುವಾಗ ಮಾಡಿದ್ದೂ ಇದನ್ನೇ. ತಂದೆಮಕ್ಕಳ ಆ ಪಟ್ಟಿಯ ನಡುವೆ ಯೆರಿಕೋವಿನ ರಾಹಾಬಳನ್ನೂ ಮೋವಾಬಿನ ರೂತಳನ್ನೂ ಹೆಸರಿಸಿದನು. ಆತನ ಪ್ರಕಾರ ರಾಹಾಬಳು ಬೋವಜನ ತಾಯಿ. ಹೊಲದಲ್ಲಿ ಅನ್ಯದೇಶದ ಹೆಣ್ಣನ್ನು ಕಂಡು ಬೋವಜನ ಮನಸ್ಸು ಕರಗಿದ್ದು ಸಹಜವೇ ಅಲ್ಲವೆ?

ಒಂದು ಮಾತನ್ನು ಮರೆಮಾಚಲಾರೆ. ಕಥೆಯ ಕೊನೆಯ ಅಧ್ಯಾಯದಲ್ಲಿ ರೂತಳು ಒಂದು ಮಾತನ್ನೂ ಆಡುವುದಿಲ್ಲ. ಮಗು ಹುಟ್ಟಿದಾಗ ಅದನ್ನು ಎತ್ತಿಕೊಂಡವಳು ನೊವೊಮಿ. ನೆರೆಹೊರೆಯ ಹೆಂಗಸರು ನೊವೊಮಿಗೆ ಮಗ ಹುಟ್ಟಿದನೆಂದೇ ಹಾಡಿ ಹೊಗಳಿದರು. ಏಳು ಮಂದಿ ಗಂಡುಮಕ್ಕಳಿಗಿಂತ ಈ ಸೊಸೆ ಮೇಲೆಂದೂ ಅವರೇ ಹೇಳಿದರು, ನಿಜ. ಆದರೂ ಒಳಗೆ ಬಂದವಳ ದನಿ ಒಳಗೆಯೇ ಅಡಗಿತೇ ಎಂಬ ಸಂದೇಹ ಉಳಿಯುತ್ತದೆ. ಸೇರಿಸಿಕೊಂಡ ಮನೆ ಬಂದವರ ಮಾತನ್ನೂ ಕೇಳುತ್ತದೆಯೇ ಎಂಬುದು ಈ ಕಥೆ ಮುಂದಿನವರಿಗೆ ಬಿಟ್ಟುಹೋದ ಕೆಲಸ.

ಯೆಹೂದ್ಯರು ಇಂದಿಗೂ ಪ್ರತಿವರ್ಷ ಸುಗ್ಗಿಯ ಹಬ್ಬವಾದ ಷಾವುಓತಿನಲ್ಲಿ ರೂತಳ ಗ್ರಂಥವನ್ನು ಓದುತ್ತಾರೆ. ಸೀನಾಯ್ ಬೆಟ್ಟದಲ್ಲಿ ಧರ್ಮಶಾಸ್ತ್ರವು ದೊರೆತ ದಿನವೆಂದೂ ಅದೇ ಹಬ್ಬವನ್ನು ಆಚರಿಸುತ್ತಾರೆ. ಮೋವಾಬ್ಯರಿಗೆ ಪ್ರವೇಶವಿಲ್ಲವೆಂದು ಬರೆದಿರುವ ಶಾಸ್ತ್ರ ಅದು. ಅದರ ಹಬ್ಬದ ದಿನ ಕೇಳಿಬರುವ ಕಥೆ, ಅತ್ತೆಯ ಕೈಹಿಡಿದು ಹಕ್ಕಲಾಯಲು ಬಂದ ಮೋವಾಬಿನ ಸೊಸೆಯದು.